ಒಂದು ಗ್ರಾಂ ಸ್ಕ್ರೂ ಮತ್ತು ಶಿರಾಡಿ ಘಾಟಿಯ ಏರು

ಆ ಕಾರು ನನ್ನ ಗ್ಯಾರೇಜಿಗೆ ಬಂದದ್ದು ಟೋಯಿಂಗ್ ಲಾರಿಯ ಬೆನ್ನ ಮೇಲೆ, ಒಂದು ಭಾನುವಾರ ರಾತ್ರಿ ಒಂಬತ್ತೂವರೆಗೆ. ಹಿಂದಿನ ಸೀಟಿನಲ್ಲಿ ಧರ್ಮಸ್ಥಳದ ಪ್ರಸಾದದ ಪೊಟ್ಟಣ ಇಟ್ಟಲ್ಲೇ ಇತ್ತು. ಮನೆಯವರನ್ನು ಸಕಲೇಶಪುರದಲ್ಲಿ ಬಸ್ಸು ಹತ್ತಿಸಿ ಲಾರಿ ಚಾಲಕನ ಪಕ್ಕದಲ್ಲಿ ಕುಳಿತು ಬಂದವರು ಯಾರೆಂದು ನೋಡಿದರೆ, ನನಗೆ ಒಂಬತ್ತನೇ ತರಗತಿಯಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರು. ಇಳಿದವರೇ, “ಒಂದು ಸಲ ಸ್ಟಾರ್ಟ್ ಮಾಡಿ ತೋರಿಸುತ್ತೇನೆ, ಶಬ್ದ ಕೇಳಪ್ಪ” ಎಂದು ಕೀಲಿಗೆ ಕೈ ಹಾಕಿದರು. ನಾನು ಕೀಲಿಯನ್ನು ಅವರ ಕೈಯಿಂದ ಕಿತ್ತುಕೊಂಡೆ. ಮೇಷ್ಟರ ಕೈಯಿಂದ ಏನನ್ನಾದರೂ ಕಿತ್ತುಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.

ಎಂಜಿನ್ನಿನೊಳಗೆ ಲೋಹಕ್ಕೆ ಲೋಹ ತಾಗುವ ಶಬ್ದ ಬಂದಿದೆ ಎಂದು ಯಾರಾದರೂ ಹೇಳಿದರೆ, ಆ ಶಬ್ದವನ್ನು ಇನ್ನೊಮ್ಮೆ ಕೇಳುವ ಆಸೆ ಬಿಟ್ಟುಬಿಡಬೇಕು. ಕೇಳುವ ಪ್ರತಿ ಸೆಕೆಂಡಿಗೂ ಬೆಲೆ ಇದೆ.

ಕಾರು ಒಂಬತ್ತು ವರ್ಷದ್ದು. 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್, ಎಲೆಕ್ಟ್ರಾನಿಕ್ ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹದ ಮಾಡುವ ಬಾಗಿಲು). ಓಡಿದ್ದು 78,400 ಕಿಲೋಮೀಟರ್. ಕಂಪನಿಯ ಹೆಸರು ಬೇಡ, ಏಕೆಂದರೆ ಇಲ್ಲಿ ಕಂಪನಿಯ ತಪ್ಪು ಏನೂ ಇಲ್ಲ. ಮೇಷ್ಟ್ರು ಹೇಳಿದ ಕತೆ ಇಷ್ಟು: ಹಾಸನದಿಂದ ಹೋಗುವಾಗ ಎಲ್ಲ ಸರಿಯಾಗಿತ್ತು. ಘಾಟಿ ಇಳಿಯುವಾಗ ಒಂದೆರಡು ಸಲ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ತಕ್ಷಣ ಇಳಿಯಲಿಲ್ಲ ಎನಿಸಿತಂತೆ. ವಾಪಸು ಬರುವಾಗ ಗುಂಡ್ಯ ದಾಟಿ ಏರು ಹಿಡಿದ ಮೇಲೆ, ಎರಡನೇ ಗೇರಿನಲ್ಲಿ ಒಂದು ಟ್ಯಾಂಕರನ್ನು ಹಿಂದೆ ಹಾಕಲು ಪೂರ್ತಿ ಒತ್ತಿದಾಗ ಬಾನೆಟ್ಟಿನ ಒಳಗಿಂದ ಟಕ ಟಕ ಟಕ ಎಂಬ ಸದ್ದು. ಎಂಜಿನ್ ಚೆಕ್ ದೀಪ ಮಿನುಗಿತು. ಗಾಡಿ ನಡುಗಿತು. ಘಾಟಿಯ ತಿರುವಿನಲ್ಲಿ ನಿಲ್ಲಿಸಲು ಧೈರ್ಯ ಬರಲಿಲ್ಲ, ಹಾಗೇ ನಿಧಾನವಾಗಿ ಮಾರನಹಳ್ಳಿಯ ಒಂದು ಟೀ ಅಂಗಡಿಯವರೆಗೆ ಓಡಿಸಿದರು. ಸುಮಾರು ಮೂರು ಕಿಲೋಮೀಟರ್, ಆರು ನಿಮಿಷ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಿಮಿಷಕ್ಕೆ 2,500 ಸುತ್ತು ಎಂದರೂ ಆರು ನಿಮಿಷಕ್ಕೆ 15,000 ಸಲ ಪಿಸ್ಟನ್ ಮೇಲಕ್ಕೆ ಬಂದಿದೆ. ಒಳಗೆ ಏನಿದೆಯೋ ಅದಕ್ಕೆ ಅಷ್ಟು ಏಟು.

“ಇತ್ತೀಚೆಗೆ ಏನಾದರೂ ಕೆಲಸ ಮಾಡಿಸಿದ್ದಿರಾ ಮೇಷ್ಟ್ರೇ?” ಎಂದು ಕೇಳಿದೆ. ಹನ್ನೊಂದು ದಿನದ ಹಿಂದೆ ಥ್ರಾಟಲ್ ಕ್ಲೀನ್ ಮಾಡಿಸಿದ್ದರು. ನಿಂತಲ್ಲಿ ಎಂಜಿನ್ ವೇಗ ಏರಿಳಿತವಾಗುತ್ತಿತ್ತು, ಟ್ರಾಫಿಕ್ಕಿನಲ್ಲಿ ಎರಡು ಸಲ ಆಫ್ ಆಗಿತ್ತು. ಯಾವ ಗ್ಯಾರೇಜು ಎಂದು ಅವರು ಹೇಳಿದರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಮೊದಲು ಸ್ಕ್ಯಾನರ್ ಹಾಕಿದೆ. ಪಿ0302 ಎಂಬ ದೋಷದ ಸಂಕೇತ ಬಂತು, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ. ಆಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಹಳೆಯ ಬನಿಯನ್ ಬಟ್ಟೆಯ ಮೇಲೆ ಇಟ್ಟೆ. ಮೂರು ಪ್ಲಗ್‌ಗಳು ಬಿಸ್ಕತ್ತಿನ ಬಣ್ಣದಲ್ಲಿ ಆರೋಗ್ಯವಾಗಿದ್ದವು. ಎರಡನೆಯದರ ಕೊಕ್ಕೆ ಮಡಚಿಕೊಂಡು ನಡುವಿನ ಕಡ್ಡಿಗೆ ಅಂಟಿತ್ತು. ಕಿಡಿ ಹಾರಲು ಜಾಗವೇ ಇಲ್ಲ. ಬಿಳಿಯ ಪಿಂಗಾಣಿಯಲ್ಲಿ ಒಂದು ಚಕ್ಕೆ ಎದ್ದಿತ್ತು. ಈ ಪ್ಲಗ್ ನೋಡಿದ ಮೇಲೆ ಹೊರಗಿನ ವಸ್ತು ಒಳಗೆ ಬಿದ್ದಿದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ವಾಲ್ವು ತೆರೆದು ಮುಚ್ಚುವ ಟೈಮಿಂಗ್ ತಪ್ಪಿ ಅದು ಪಿಸ್ಟನ್ನಿಗೆ ತಾಗಿದ್ದರೆ ಪ್ಲಗ್ ಹೀಗೆ ಕಾಣುವುದಿಲ್ಲ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಅದುಮಿದಾಗ ಬರುವ ಒತ್ತಡ ನೋಡಿದೆ. ಕೈಯಲ್ಲಿ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ಹಿಡಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ, ಅದೂ ಒಳ್ಳೆಯ ಮೂರರಲ್ಲಿ ಮಾತ್ರ ಸ್ಟಾರ್ಟರಿನಿಂದ. 170, 165, 170 ಪಿಎಸ್‌ಐ. ಎರಡನೆಯದಕ್ಕೆ ಹೊರಗಿನಿಂದ ಗಾಳಿ ತುಂಬಿಸಿದೆ. ಸೈಲೆನ್ಸರ್ ಕೊಳವೆಯ ಬಾಯಿಯಲ್ಲಿ ಬುಸ್ಸೆಂದು ಕೇಳಿಸಿತು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವು ಪೂರ್ತಿ ಮುಚ್ಚಿ ಕೂರುತ್ತಿಲ್ಲ. ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿದಾಗ ಮೇಷ್ಟ್ರು ನನ್ನ ಭುಜದ ಮೇಲಿಂದ ಪರದೆಯನ್ನು ನೋಡುತ್ತಿದ್ದರು. ಪಿಸ್ಟನ್ನಿನ ತಲೆ ಹೊಸದಾಗಿ ಉಳಿ ಪೆಟ್ಟು ಹಾಕಿಸಿದ ಒರಳುಕಲ್ಲಿನ ಹಾಗಿತ್ತು. ನೂರಾರು ಗುಳಿ. ಕೆಲವು ಗುಳಿಗಳಲ್ಲಿ ಸ್ಕ್ರೂವಿನ ಥ್ರೆಡ್ಡಿನ ಗೆರೆಗಳು ಮುದ್ರೆ ಒತ್ತಿದಂತೆ ಸ್ಪಷ್ಟವಾಗಿ ಮೂಡಿದ್ದವು. ಕಳ್ಳ ತನ್ನ ಬೆರಳಚ್ಚನ್ನು ತಾನೇ ಬಿಟ್ಟುಹೋದ ಹಾಗೆ.

ಈಗ ಸ್ಕ್ರೂ ಎಲ್ಲಿಯದು ಎಂದು ಹುಡುಕುವುದಷ್ಟೇ ಬಾಕಿ. ಏರ್ ಫಿಲ್ಟರ್ ಕೊಳವೆ ಬಿಚ್ಚಿ ಥ್ರಾಟಲ್ ಬಾಡಿಯ ಬಾಯಿಗೆ ಟಾರ್ಚ್ ಹಿಡಿದೆ.

ಥ್ರಾಟಲ್ ಬಾಡಿ ಎಂದರೆ ಎಂಜಿನ್ನಿನ ಮೂಗು ಎಂದುಕೊಳ್ಳಿ. ಅಲ್ಯೂಮಿನಿಯಂ ಕೊಳವೆ, ಅದರ ಅಡ್ಡಕ್ಕೆ ಒಂದು ಶಾಫ್ಟ್, ಶಾಫ್ಟಿನ ನಡುವೆ ಸೀಳು. ಆ ಸೀಳಿನೊಳಗೆ ತೆಳ್ಳಗಿನ ದುಂಡು ತಗಡು ಕೂರುತ್ತದೆ. ನಾವು ಅದಕ್ಕೆ ಬಟರ್‌ಫ್ಲೈ ಎನ್ನುತ್ತೇವೆ. ಆಕ್ಸಿಲರೇಟರ್ ಒತ್ತಿದಷ್ಟೂ ಶಾಫ್ಟ್ ತಿರುಗಿ ಆ ತಗಡು ತೆರೆದುಕೊಳ್ಳುತ್ತದೆ. ತಗಡನ್ನು ಶಾಫ್ಟಿಗೆ ಹಿಡಿದಿಡುವುದು ಬರೀ ಎರಡು ಸ್ಕ್ರೂ. ಇವು ಎಂ4 ಅಳತೆಯವು, ಅಂದರೆ ನಾಲ್ಕು ಮಿಲಿಮೀಟರ್ ದಪ್ಪ, ಎಂಟು ಮಿಲಿಮೀಟರ್ ಉದ್ದ. ಸ್ಕ್ರೂ ಶಾಫ್ಟಿನ ಒಂದು ಅರ್ಧವನ್ನು ದಾಟಿ, ತಗಡನ್ನು ದಾಟಿ, ಇನ್ನೊಂದು ಅರ್ಧದಲ್ಲಿ ಕಚ್ಚಿಕೊಳ್ಳಬೇಕು. ಆ ಅರ್ಧದ ದಪ್ಪ ಮೂರು ಮಿಲಿಮೀಟರ್. ಎಂ4 ಸ್ಕ್ರೂವಿನ ಥ್ರೆಡ್ ಒಂದಕ್ಕೆ 0.7 ಮಿಲಿಮೀಟರ್. ಲೆಕ್ಕ ಹಾಕಿದರೆ, ಎಂಜಿನ್ನಿನ ಆಯಸ್ಸು ನಿಂತಿರುವುದು ಸ್ಕ್ರೂವಿಗೆ ನಾಲ್ಕೇ ನಾಲ್ಕು ಥ್ರೆಡ್ಡುಗಳ ಮೇಲೆ.

ಟಾರ್ಚಿನ ಬೆಳಕಿನಲ್ಲಿ ಒಂದೇ ಸ್ಕ್ರೂ ಕಂಡಿತು. ಇನ್ನೊಂದು ತೂತು ಖಾಲಿ. ಇದ್ದ ಸ್ಕ್ರೂವನ್ನು ಬೆರಳಿನಿಂದ ಮುಟ್ಟಿದರೆ ಅಲುಗಾಡಿತು. ತಗಡು ಒಂದು ಕಡೆ ವಾಲಿ ಕೊಳವೆಯ ಗೋಡೆಗೆ ಉಜ್ಜಿದ ಹೊಳೆಯುವ ಗೆರೆ ಬೇರೆ ಇತ್ತು. ಘಾಟಿ ಇಳಿಯುವಾಗ ಎಂಜಿನ್ ವೇಗ ಏಕೆ ತಕ್ಷಣ ಇಳಿಯಲಿಲ್ಲ ಎಂಬುದಕ್ಕೆ ಉತ್ತರ ಅದು. ಆ ಇಳಿಜಾರಿನಲ್ಲಿ ತಗಡು ಪೂರ್ತಿ ಓರೆಯಾಗಿ ತೆರೆದೇ ಸಿಕ್ಕಿಹಾಕಿಕೊಂಡಿದ್ದರೆ ನಾನು ಇದನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು.

ಉಳಿದಿದ್ದ ಸ್ಕ್ರೂವಿನ ಬಾಲದ ತುದಿ ನೋಡಿದೆ. ಅಲ್ಲಿ ಪಂಚ್ ಹೊಡೆದ ಹಳೆಯ ಗುರುತು ಇತ್ತು, ಆದರೆ ಹರಿದಿತ್ತು. ಕಾರ್ಖಾನೆಯಲ್ಲಿ ಸ್ಕ್ರೂ ಬಿಗಿದ ಮೇಲೆ ಶಾಫ್ಟಿನ ಆಚೆ ಇಣುಕುವ ಬಾಲವನ್ನು ಜಜ್ಜಿ ಅಗಲ ಮಾಡುತ್ತಾರೆ, ರಿವೆಟ್ ಹೊಡೆದ ಹಾಗೆ. ಆಮೇಲೆ ಅದು ಹಿಂದಕ್ಕೆ ತಿರುಗಿ ಬರಲಾರದು. ಇಲ್ಲಿ ಯಾರೋ ಆ ಜಜ್ಜಿದ ಬಾಲವನ್ನು ಅರದಿಂದ ತೇಯದೆ, ಇಂಪ್ಯಾಕ್ಟ್ ಡ್ರೈವರಿನಿಂದ ಬಲವಂತವಾಗಿ ತಿರುಗಿಸಿ ಬಿಚ್ಚಿದ್ದಾರೆ. ಅಗಲವಾದ ಬಾಲ ಹೊರಬರುವಾಗ ಶಾಫ್ಟಿನ ನಾಲ್ಕು ಥ್ರೆಡ್ಡುಗಳಲ್ಲಿ ಒಂದೂವರೆಯನ್ನು ಕಿತ್ತುಕೊಂಡು ಬಂದಿದೆ. ಆಮೇಲೆ ಅದೇ ಸ್ಕ್ರೂಗಳನ್ನು, ಅದೇ ಕಿತ್ತುಹೋದ ತೂತಿಗೆ, ಅಂಟು ಹಚ್ಚದೆ ಒಣದಾಗಿಯೇ ಹಾಕಿ ಕೈಗೆ ಬಿಗಿ ಎನಿಸುವವರೆಗೆ ತಿರುಗಿಸಿ ಬಿಟ್ಟಿದ್ದಾರೆ. ಹನ್ನೊಂದು ದಿನ ಬಾಳಿದ್ದೇ ಹೆಚ್ಚು.

ಮೇಷ್ಟ್ರು ಸುಮ್ಮನಿರುವವರಲ್ಲ. “ಬಿಗಿದ ಸ್ಕ್ರೂ ತಾನಾಗಿ ಏಕೆ ತಿರುಗುತ್ತದೆ? ತಿರುಗಿಸುವ ಬಲ ಎಲ್ಲಿಂದ ಬಂತು?” ಎಂದರು. ಮೂವತ್ತು ವರ್ಷದ ಹಿಂದೆ ಕಪ್ಪು ಹಲಗೆಯ ಮುಂದೆ ಕೇಳುತ್ತಿದ್ದ ಅದೇ ದನಿ.

ಉತ್ತರ ಅವರೇ ಕಲಿಸಿದ್ದು. ಸ್ಕ್ರೂ ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ಎಂ4 ಸ್ಕ್ರೂವಿನ ಇಳಿಜಾರು ಮೂರೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಷ್ಟು ಕಡಿಮೆ ಇಳಿಜಾರಿನಲ್ಲಿ ಘರ್ಷಣೆ ಇರುವವರೆಗೆ ಯಾವುದೂ ಜಾರುವುದಿಲ್ಲ. ಆದರೆ ಮೊರವನ್ನು ತುಸು ವಾಲಿಸಿ ಹಿಡಿದುಕೊಳ್ಳಿ. ಅಕ್ಕಿ ಜಾರುವುದಿಲ್ಲ. ಅಡ್ಡಕ್ಕೆ ಅಲುಗಾಡಿಸಿ, ಒಂದೊಂದೇ ಕಾಳು ಕೆಳಗಿಳಿಯುತ್ತದೆ. ಅಡ್ಡಕ್ಕೆ ಜಾರಿದ ಕ್ಷಣದಲ್ಲಿ ಘರ್ಷಣೆ ಅಡ್ಡದ ಜಾರನ್ನು ತಡೆಯುವುದರಲ್ಲೇ ಮುಗಿದುಹೋಗಿ, ಇಳಿಜಾರಿಗೆ ತನ್ನ ಕೆಲಸ ಮಾಡಲು ದಾರಿ ಸಿಗುತ್ತದೆ. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ 1969ರಲ್ಲಿ ಇದನ್ನೇ ಯಂತ್ರವೊಂದರ ಮೇಲೆ ತೋರಿಸಿಕೊಟ್ಟರು: ಬೋಲ್ಟು ಸಡಿಲವಾಗುವುದು ಮೇಲೆ ಕೆಳಗೆ ಎಳೆದಾಡಿದ್ದಕ್ಕಿಂತ ಹೆಚ್ಚಾಗಿ ಅಡ್ಡಕ್ಕೆ ಅಲುಗಾಡಿದ್ದರಿಂದ. ಇಂದಿಗೂ ಬೋಲ್ಟುಗಳ ಪರೀಕ್ಷೆಗೆ ಅವರ ಹೆಸರೇ ಇದೆ. ಥ್ರಾಟಲಿನ ತಗಡಾದರೂ ಗಾಳಿಯ ದಾರಿಯಲ್ಲಿ ನಿಂತಿದೆ. ನಾಲ್ಕು ಸಿಲಿಂಡರುಗಳು ಒಂದಾದ ಮೇಲೊಂದು ಗಾಳಿ ಎಳೆಯುತ್ತವೆ, 3,000 ಸುತ್ತಿನಲ್ಲಿ ಸೆಕೆಂಡಿಗೆ ನೂರು ಸಲ. ಪ್ರತಿ ಎಳೆತಕ್ಕೂ ತಗಡು ಒಂದಿಷ್ಟು ಅದುರುತ್ತದೆ.

ಇನ್ನೊಂದು ಕಾರಣ ಸ್ಕ್ರೂವಿನ ಗಿಡ್ಡತನ. ಉದ್ದ ಬೋಲ್ಟು ಬಿಗಿದಾಗ ರಬ್ಬರಿನ ಹಾಗೆ ಒಂದಿಷ್ಟು ಹಿಗ್ಗಿ, ಆ ಹಿಗ್ಗಿನಿಂದಲೇ ಹಿಡಿದುಕೊಂಡಿರುತ್ತದೆ. ಎಂಟು ಮಿಲಿಮೀಟರಿನ ಸ್ಕ್ರೂವಿಗೆ ಹಿಗ್ಗಲು ಮೈ ಎಲ್ಲಿದೆ? ತಗಡಿನ ಮೇಲಿನ ಮಸಿಯ ಪದರ ಒಂದು ಕೂದಲಿನಷ್ಟು ಕುಸಿದರೂ ಬಿಗಿ ಪೂರ್ತಿ ಹೋಯಿತು. ಹಾಗಾದರೆ ಸ್ಪ್ರಿಂಗ್ ವಾಷರ್ ಹಾಕಬಹುದಲ್ಲ ಎಂದು ಮೇಷ್ಟ್ರು ಕೇಳಿದರು. ಅಡ್ಡ ಅದುರಾಟಕ್ಕೆ ಸ್ಪ್ರಿಂಗ್ ವಾಷರ್ ಏನೂ ಮಾಡಲಾರದು. ಜೊತೆಗೆ ಎಂಜಿನ್ನಿಗೆ ಬೀಳಬಹುದಾದ ಮೂರನೆಯ, ನಾಲ್ಕನೆಯ ಚೂರನ್ನು ನಾವೇ ಜೋಡಿಸಿಕೊಟ್ಟ ಹಾಗಾಗುತ್ತದೆ.

ಸ್ಕ್ರೂ ಶಾಫ್ಟಿನಿಂದ ಬಿದ್ದ ಕೂಡಲೇ ಎಂಜಿನ್ನಿಗೆ ಹೋಗಿರಲಾರದು ಎಂದು ನನ್ನ ಊಹೆ. ಥ್ರಾಟಲಿನಿಂದ ನಾಲ್ಕೂ ಸಿಲಿಂಡರಿಗೆ ಗಾಳಿ ಹಂಚುವ ಕವಲು ಕೊಳವೆ, ಅಂದರೆ ಇಂಟೇಕ್ ಮ್ಯಾನಿಫೋಲ್ಡಿನ ಹೊಟ್ಟೆಯ ತಳದಲ್ಲಿ ಬಿದ್ದುಕೊಂಡಿತ್ತು. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿರುವಾಗ ಅದನ್ನು ಎತ್ತುವಷ್ಟು ಗಾಳಿ ಇರಲಿಲ್ಲ. ಏರಿನಲ್ಲಿ ಪೂರ್ತಿ ಒತ್ತಿದಾಗ ಬಂದ ಗಾಳಿ ಅದನ್ನು ಎರಡನೆಯ ಕವಲಿಗೆ ಎತ್ತಿಕೊಂಡು ಹೋಯಿತು. ಇಂಟೇಕ್ ವಾಲ್ವು ಎಂಟು ಒಂಬತ್ತು ಮಿಲಿಮೀಟರ್ ತೆರೆಯುತ್ತದೆ, ಸ್ಕ್ರೂ ನುಗ್ಗಲು ಧಾರಾಳ ಜಾಗ. ಒಳಗೆ ಮಾತ್ರ ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನ ಮುಚ್ಚಳವಾದ ಹೆಡ್ಡಿಗೂ ಪಿಸ್ಟನ್ನಿನ ಅಂಚಿಗೂ ನಡುವೆ ಉಳಿಯುವುದು ಸುಮಾರು ಒಂದು ಮಿಲಿಮೀಟರ್. ಮುಂದಿನದು ಒರಳಿನ ಕತೆ.

ಹೆಡ್ ಇಳಿಸಿದೆ. ಎರಡನೇ ಸಿಲಿಂಡರಿನಲ್ಲಿ ಹುರಿಗಡಲೆಯ ಗಾತ್ರದ ಒಂದು ಉಂಡೆ, ನಾಲ್ಕೈದು ಚೂರು, ಒಂದಷ್ಟು ಹುಡಿ ಸಿಕ್ಕಿತು. ಇಲ್ಲಿಗೆ ಮುಗಿಯಿತು ಎಂದು ಪಿಸ್ಟನ್ ಬದಲಿಸಲು ಹೊರಡುವ ಮೆಕ್ಯಾನಿಕ್‌ಗಳನ್ನು ನಾನು ಕಂಡಿದ್ದೇನೆ. ವಾರದ ಮೇಲೆ ಅದೇ ಗಾಡಿ ಅದೇ ಶಬ್ದದೊಂದಿಗೆ ವಾಪಸು ಬರುವುದನ್ನೂ ಕಂಡಿದ್ದೇನೆ. ಏಕೆಂದರೆ ಎಕ್ಸಾಸ್ಟ್ ಮುಚ್ಚುವ ಮೊದಲೇ ಇಂಟೇಕ್ ತೆರೆಯುವ ಒಂದು ಗಳಿಗೆ ಇದೆ. ಆಗ ಗಾಳಿ ಹಿಂದಕ್ಕೂ ಒದೆಯುತ್ತದೆ. ಒಡೆದ ಚೂರುಗಳು ಸಿಲಿಂಡರಿನಿಂದ ಮ್ಯಾನಿಫೋಲ್ಡಿಗೆ ಹಾರಿ, ಅಲ್ಲಿಂದ ಪಕ್ಕದ ಸಿಲಿಂಡರಿನ ಸರದಿಗೆ ಕಾಯುತ್ತವೆ.

ಹಾಗಾಗಿ ತೂಕ ಮಾಡಿಸಿದೆ. ನಮ್ಮ ಬೀದಿಯ ತಿರುವಿನಲ್ಲಿ ಒಬ್ಬ ಅಕ್ಕಸಾಲಿಗರಿದ್ದಾರೆ. ಉಳಿದಿದ್ದ ಸ್ಕ್ರೂವನ್ನು ಪೆಟ್ರೋಲಿನಲ್ಲಿ ತೊಳೆದು ಅವರ ತಕ್ಕಡಿಗೆ ಇಟ್ಟೆ. 1.17 ಗ್ರಾಂ. ಆಮೇಲೆ ಎರಡನೇ ಸಿಲಿಂಡರಿನ ಚೂರುಗಳು. ಮೊದಲು ಆಯಸ್ಕಾಂತದಿಂದ ಬೇರ್ಪಡಿಸಬೇಕು, ಸ್ಕ್ರೂ ಉಕ್ಕಿನದು, ಪಿಸ್ಟನ್ ಅಲ್ಯೂಮಿನಿಯಂ. ಆಯಸ್ಕಾಂತಕ್ಕೆ ಅಂಟಿದ್ದು ತೂಗಿದರೆ 0.71. ಅಕ್ಕಸಾಲಿಗರು ಕನ್ನಡಕದ ಮೇಲಿಂದ ನೋಡಿ, “ಸವಕಳಿ ಬಹಳ ಹೋಗಿದೆಯಲ್ಲ ಸ್ವಾಮಿ” ಎಂದರು. ಬಾಕಿ 0.46 ಗ್ರಾಂ ಎಲ್ಲೋ ಇದೆ.

ಮ್ಯಾನಿಫೋಲ್ಡ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ತಲೆಕೆಳಗಾಗಿ ಅಲುಗಾಡಿಸಿದಾಗ ಏನೂ ಬೀಳಲಿಲ್ಲ. ಒಳಗೆ ಎಣ್ಣೆಯ ಜಿಡ್ಡು, ಚೂರು ಅದರಲ್ಲಿ ಹೂತಿರುತ್ತದೆ. ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಆದ್ದರಿಂದ ಸೋಪಿನ ನೀರಿನಲ್ಲಿ ನೆನೆಸಿ, ಒಂದೊಂದು ಕವಲಿಗೂ ಬಾಟಲಿ ತೊಳೆಯುವ ಬ್ರಷ್ ಹಾಕಿ, ನೀರನ್ನು ಬಟ್ಟೆಯಲ್ಲಿ ಸೋಸಿದೆ. ಮೂರನೇ ಕವಲಿನ ಬಾಯಲ್ಲೇ ಎರಡು ಚೂರು ಕೂತಿದ್ದವು, 0.19 ಗ್ರಾಂ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಜೇನುಗೂಡಿನಂಥ ಮುಖದ ಮೇಲಿಂದ ಆಯಸ್ಕಾಂತದ ಕಡ್ಡಿ ಇನ್ನು 0.09 ಗ್ರಾಂ ಎತ್ತಿಕೊಟ್ಟಿತು. ಒಟ್ಟು 0.99. ಉಳಿದ 0.18 ಗ್ರಾಂ ಹುಡಿಯಾಗಿ ಸೈಲೆನ್ಸರಿನಿಂದ ಹೋಗಿರಬೇಕು. ಎಣ್ಣೆಯಲ್ಲೂ ಸೇರಿರಬಹುದು. ಆ ಎರಡು ರಾತ್ರಿ ನನಗೆ ಅದರದೇ ಯೋಚನೆ. ಮೂರು ಸಲ ಮತ್ತೆ ತೊಳೆದೆ, ಏನೂ ಸಿಗಲಿಲ್ಲ.

ದುರಸ್ತಿಯ ಪಟ್ಟಿ ಬೇಗ ಹೇಳಿ ಮುಗಿಸುತ್ತೇನೆ. ಎರಡನೇ ಪಿಸ್ಟನ್ ಮತ್ತು ರಿಂಗ್ ಹೊಸದು. ಸಿಲಿಂಡರಿನ ಒಳಗೋಡೆಯ ಗೀರು ಉಗುರಿಗೆ ತಾಗದಷ್ಟು ತೆಳುವಾಗಿದ್ದರಿಂದ ತೆಳುವಾಗಿ ಉಜ್ಜುವ ಹೋನಿಂಗ್ ಸಾಕಾಯಿತು. ಬಾಗಿದ್ದ ಎಕ್ಸಾಸ್ಟ್ ವಾಲ್ವುಗಳು ಹೊಸವು. ಹೆಡ್ಡಿನ ಗುಳಿಗಳ ಚೂಪಾದ ಅಂಚನ್ನೆಲ್ಲ ಉಜ್ಜಿ ನಯ ಮಾಡಿದೆ, ಇಲ್ಲದಿದ್ದರೆ ಆ ಅಂಚು ಕೆಂಪಗೆ ಕಾದು ಕಿಡಿಗೂ ಮೊದಲೇ ಪೆಟ್ರೋಲನ್ನು ಹೊತ್ತಿಸುತ್ತದೆ. ಹೆಡ್ ಬೋಲ್ಟು, ಗ್ಯಾಸ್ಕೆಟ್, ಪ್ಲಗ್, ಎಣ್ಣೆ. ಥ್ರಾಟಲ್ ಬಾಡಿಯನ್ನು ಬಿಟ್ಟು ಬಿಲ್ 34,600 ರೂಪಾಯಿ. ವಿಮೆಯಿಂದ ನಯಾಪೈಸೆ ಇಲ್ಲ, ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಯಂತ್ರದ ಒಳಗಿನ ಕೆಡುಕಿಗೆ ಜಾಗವಿಲ್ಲ. ಕ್ಲೀನ್ ಮಾಡಿದ ಗ್ಯಾರೇಜಿನ ಯಜಮಾನರು ಮೊದಲು ನಮಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಹರಿದ ಪಂಚ್ ಗುರುತನ್ನೂ ಸ್ಕ್ರೂ ತಲೆಯ ಮೇಲಿನ ಹೊಸ ಗೀರನ್ನೂ ಫೋಟೋದಲ್ಲಿ ದೊಡ್ಡದು ಮಾಡಿ ತೋರಿಸಿದ ಮೇಲೆ ಹತ್ತು ಸಾವಿರ ಕೊಡಲು ಒಪ್ಪಿದರು.

ಹಳೆಯ ಥ್ರಾಟಲ್ ಬಾಡಿಯನ್ನೇ ಸರಿ ಮಾಡಿ ಹಾಕಬಾರದೇ ಎಂದು ಮೇಷ್ಟ್ರು ಕೇಳಿದ್ದು ನ್ಯಾಯವೇ. ಹೊಸದಕ್ಕೆ ಮತ್ತೆ ಹದಿನಾಲ್ಕು ಸಾವಿರ. ಒಂದು ತೂತಿನಲ್ಲಿ ಥ್ರೆಡ್ ಕೊರೆಯುವ ಟ್ಯಾಪ್ ಓಡಿಸಿದರೆ ಥ್ರೆಡ್ ಚೆನ್ನಾಗಿಯೇ ಹಿಡಿಯಿತು. ಇನ್ನೊಂದರಲ್ಲಿ ಎರಡೂವರೆ ಥ್ರೆಡ್ ಉಳಿದಿತ್ತು. ಎರಡೂವರೆ ಥ್ರೆಡ್ಡಿನ ಮೇಲೆ ನನ್ನ ಮೇಷ್ಟರನ್ನು ಶಿರಾಡಿಗೆ ಕಳಿಸಲಾರೆ ಎಂದೆ. ಬೆಂಗಳೂರಿನಿಂದ ತರಿಸಲು ನಾಲ್ಕು ದಿನ ಹಿಡಿಯಿತು.

ಆ ನಾಲ್ಕು ದಿನದ ನಡುವೆ ಒಂದು ಸಂಜೆ ಆ ಇನ್ನೊಂದು ಗ್ಯಾರೇಜಿನ ಹುಡುಗ ಬಂದ. ಹತ್ತೊಂಬತ್ತು, ಇಪ್ಪತ್ತರ ವಯಸ್ಸು. ಬಾಗಿಲಲ್ಲೇ ನಿಂತು, “ಮೇಸ್ತ್ರಿ, ಅದನ್ನು ಬಿಚ್ಚಿದ್ದು ನಾನೇ. ಎಲ್ಲಿ ತಪ್ಪಿತು ಎಂದು ನೋಡಬಹುದಾ?” ಎಂದ. ಯಜಮಾನರು ಕಳಿಸಿದ್ದಲ್ಲ, ತಾನಾಗಿ ಬಂದಿದ್ದ. ಬೈಯಬೇಕು ಎಂದುಕೊಂಡಿದ್ದವನು ಹಳೆಯ ಥ್ರಾಟಲ್ ಬಾಡಿಯನ್ನು ಬೆಂಚಿನ ಮೇಲೆ ಇಟ್ಟು ಅವನನ್ನು ಕೂರಿಸಿಕೊಂಡೆ.

“ಏಕೆ ಬಿಚ್ಚಿದೆ?” ಎಂದೆ. ತಗಡಿನ ಅಂಚಿನ ಮಸಿ ಹೋಗಲಿಲ್ಲ, ಪೂರ್ತಿ ಸ್ವಚ್ಛ ಮಾಡೋಣ ಎಂದು ಬಿಚ್ಚಿದನಂತೆ. ಕೆಲಸಗಳ್ಳನಲ್ಲ, ಕೆಲಸ ಹೆಚ್ಚು ಮಾಡಿದವನು. ನನಗೆ ಇಂಥವರ ಮೇಲೆ ಸಿಟ್ಟು ಬರುವುದಿಲ್ಲ. ಥ್ರಾಟಲ್ ಸ್ವಚ್ಛಗೊಳಿಸಲು ತಗಡನ್ನು ಬಿಚ್ಚುವ ಅಗತ್ಯವೇ ಇಲ್ಲ. ಬಾಡಿಯನ್ನು ಕಳಚಿ, ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು, ಮೃದು ಬ್ರಷ್‌ನಿಂದ ಅಂಚು ಉಜ್ಜಿದರೆ ಇಪ್ಪತ್ತು ನಿಮಿಷದ ಕೆಲಸ. ಮಸಿ ಹೋಗದಿದ್ದರೆ ಇನ್ನೊಂದು ಇಪ್ಪತ್ತು ನಿಮಿಷ ನೆನೆಯಲು ಬಿಡಬೇಕು. ಜಜ್ಜಿದ ಬಾಲ ಕಂಡರೆ, ಅದನ್ನು ಜೋಡಿಸಿದವನು ‘ಇದು ಮತ್ತೆ ಬಿಚ್ಚುವುದಕ್ಕಲ್ಲ’ ಎಂದು ಬರೆದಿಟ್ಟ ಚೀಟಿ ಎಂದು ಓದಿಕೊಳ್ಳಬೇಕು.

ಹಳೆಯ ಗಾಡಿಗಳಲ್ಲಿ ಬಿಚ್ಚಲೇಬೇಕಾದ ಸಂದರ್ಭ ಬರುತ್ತಿತ್ತು, ಕಾರ್ಬುರೇಟರಿನ ಶಾಫ್ಟ್ ಸವೆದು ಬುಷ್ ಹಾಕುವಾಗ. ನನ್ನ ಗುರುಗಳು ಎಸ್‌ಯು ಎಂಬ ಕಂಪನಿಯ ಕಾರ್ಬುರೇಟರಿನ ಸ್ಕ್ರೂಗಳನ್ನು ತೋರಿಸುತ್ತಿದ್ದರು. ಅವುಗಳ ಬಾಲ ಹುಟ್ಟುತ್ತಲೇ ಹಾವಿನ ನಾಲಿಗೆಯ ಹಾಗೆ ಸೀಳಿರುತ್ತಿತ್ತು. ಬಿಗಿದ ಮೇಲೆ ಆ ಎರಡು ಸೀಳನ್ನು ತುಸು ಅಗಲಿಸಿದರೆ ಮುಗಿಯಿತು. ಬಿಚ್ಚುವಾಗ ಅದುಮಿ ಬಿಚ್ಚಿ, ಹಳೆಯದನ್ನು ಎಸೆದು ಹೊಸದು ಹಾಕುತ್ತಿದ್ದರು. ಉಪಯೋಗಿಸಿದ ಸ್ಕ್ರೂವನ್ನು ಮತ್ತೆ ಡಬ್ಬಿಗೆ ಹಾಕಿದ್ದಕ್ಕೆ ನಾನೊಮ್ಮೆ ತಲೆಯ ಮೇಲೆ ಮೊಟಕಿಸಿಕೊಂಡಿದ್ದೇನೆ.

ಹುಡುಗನಿಗೆ ಆ ಹಾಳಾದ ಬಾಡಿಯ ಒಳ್ಳೆಯ ತೂತಿನಲ್ಲೇ ಮಾಡಿಸಿದೆ. ಬಿಚ್ಚುವ ಮೊದಲು ಜಜ್ಜಿದ ತುದಿಯನ್ನು ಸೂಜಿ ಅರದಿಂದ ಶಾಫ್ಟಿನ ಮಟ್ಟಕ್ಕೆ ತೇಯಬೇಕು, ಹುಡಿ ಬೇರಿಂಗಿಗೆ ಹೋಗದಂತೆ ಬಟ್ಟೆ ಸುತ್ತಿಕೊಳ್ಳಬೇಕು. ತಗಡು ಬಿಚ್ಚುವ ಮೊದಲು ಯಾವ ಮುಖ ಯಾವ ಕಡೆ ಎಂದು ಗುರುತು ಹಾಕಬೇಕು. ಅದು ನೋಡಲು ದುಂಡಗೆ ಕಂಡರೂ ಪೂರ್ತಿ ದುಂಡಲ್ಲ, ಅಂಚು ಓರೆಯಾಗಿ ತೇಯ್ದಿರುತ್ತದೆ, ತಿರುವಿ ಹಾಕಿದರೆ ಕೂರುವುದಿಲ್ಲ. ಹೊಸ ಸ್ಕ್ರೂ, ತೂತು ಎರಡರ ಜಿಡ್ಡನ್ನೂ ಪೂರ್ತಿ ತೆಗೆಯಬೇಕು. ಸ್ಕ್ರೂಗಳನ್ನು ಸಡಿಲವಾಗಿ ಹಾಕಿ, ಥ್ರಾಟಲನ್ನು ಮುಚ್ಚಿ, ತಗಡು ತಾನಾಗಿ ನಡುವಿಗೆ ಬಂದು ಕೂರಲು ಬಿಟ್ಟು ಆಮೇಲೆ ಸರದಿಯಂತೆ ಬಿಗಿಯಬೇಕು. ಬೆಳಕಿಗೆ ಹಿಡಿದರೆ ಸುತ್ತಲೂ ಒಂದೇ ಸಮನಾದ ತೆಳು ಗೆರೆ ಕಾಣಬೇಕು. ಇಲ್ಲಿ ಹುಡುಗ ಮೂರು ಸಲ ಸಡಿಲ ಮಾಡಿ ಮೂರು ಸಲ ಬಿಗಿದ.

ಆಮೇಲೆ ಲಾಕ್‌ಟೈಟ್, ಥ್ರೆಡ್ಡಿಗೆ ಹಚ್ಚುವ ಅಂಟು. ಇದರ ಬಗ್ಗೆ ನಮ್ಮವರಲ್ಲಿ ಒಂದು ಭಕ್ತಿ ಇದೆ, ತಿಳಿವಳಿಕೆ ಕಡಿಮೆ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ವರ್ನನ್ ಕ್ರೀಬಲ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು ರೂಪಿಸಿದ ದ್ರವ ಇದು. ಹಲವು ಅಂಟುಗಳು ಗಾಳಿಗೆ ಒಣಗಿದರೆ, ಇದು ಗಾಳಿ ಸಿಗದಿದ್ದಾಗ, ಲೋಹದ ಸಂಪರ್ಕದಲ್ಲಿ ಗಟ್ಟಿಯಾಗುತ್ತದೆ. ಬಾಟಲಿಯನ್ನು ಅರ್ಧವೇ ತುಂಬಿಸುವುದು ಅದಕ್ಕೇ, ಒಳಗೆ ಗಾಳಿ ಇರಲಿ ಎಂದು. ಜಿಡ್ಡಿರುವ ಥ್ರೆಡ್ಡಿಗೆ ಹಚ್ಚಿದರೆ ಜಿಡ್ಡಿಗೆ ಅಂಟುತ್ತದೆ, ಲೋಹಕ್ಕಲ್ಲ. ನೀಲಿ ಸಾಕು, ಕೆಂಪು ಬೇಡ. ಥ್ರಾಟಲ್ ಬಾಡಿಯ ಬಿಸಿಯನ್ನು ನೀಲಿ ತಡೆದುಕೊಳ್ಳುತ್ತದೆ. ಕೆಂಪು ಹಾಕಿದರೆ ಬಿಚ್ಚಲು 250 ಡಿಗ್ರಿಯವರೆಗೆ ಕಾಯಿಸಬೇಕು, ನಾಲ್ಕು ಮಿಲಿಮೀಟರ್ ಸ್ಕ್ರೂವಿನ ತಲೆ ಅಷ್ಟರಲ್ಲಿ ಕಳಚಿ ಬರುತ್ತದೆ. ಒಂದೇ ಹನಿ, ಥ್ರೆಡ್ಡಿಗೆ ಮಾತ್ರ. ಹೆಚ್ಚಾದರೆ ಹರಿದು ಶಾಫ್ಟನ್ನೇ ಬಾಡಿಗೆ ಅಂಟಿಸುತ್ತದೆ. ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಈ ದ್ರವ ಬಿರುಕು ಬಿಡಿಸುತ್ತದೆ, ಆದ್ದರಿಂದ ಸೆನ್ಸರಿನ ಮುಚ್ಚಳದ ಕಡೆಗೆ ಸುಳಿಯಬಾರದು. ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಅರ್ಧ ಗಂಟೆಗೆ ಗಾಡಿ ಕೊಡುತ್ತೇನೆ ಎಂದು ಗಿರಾಕಿಗೆ ಮಾತು ಕೊಟ್ಟವರು ಈ ಕೆಲಸಕ್ಕೆ ಕೈ ಹಾಕಬಾರದು.

ಕೊನೆಗೆ ಬಾಲ ಜಜ್ಜುವುದು. ಇದರಲ್ಲಿ ಹುಡುಗನ ಕೈ ನಡುಗಿತು. ಶಾಫ್ಟಿನ ಕೆಳಗೆ, ಸ್ಕ್ರೂ ತಲೆಗೆ ಸರಿಯಾಗಿ ಉಕ್ಕಿನ ತುಂಡೊಂದರ ಆಸರೆ ಕೊಡದೆ ಹೊಡೆದರೆ ಶಾಫ್ಟ್ ಬಾಗುತ್ತದೆ, ತಗಡು ಮತ್ತೆಂದೂ ಸರಿಯಾಗಿ ಮುಚ್ಚುವುದಿಲ್ಲ. ಆಸರೆ ಕೊಟ್ಟು, ಸೆಂಟರ್ ಪಂಚಿನಿಂದ ಬಾಲದ ಅಂಚಿಗೆ ಎರಡು ಚಿಕ್ಕ ಏಟು, ಎದುರು ಬದುರು. ಲಾಕ್‌ಟೈಟ್ ಸ್ಕ್ರೂ ತಿರುಗದಂತೆ ಹಿಡಿಯುತ್ತದೆ. ಜಜ್ಜಿದ ಬಾಲ, ಹಾಗೇನಾದರೂ ತಿರುಗಿದರೂ ಸ್ಕ್ರೂ ಬೀಳದಂತೆ ಹಿಡಿಯುತ್ತದೆ. ನನಗೆ ಎರಡೂ ಬೇಕು.

“ಕಂಪನಿಯವರೇ ಹಾಕಿದ್ದು ಬೀಳುವುದಿಲ್ಲವಾ ಮೇಸ್ತ್ರಿ?” ಎಂದು ಕೇಳಿದ. ಬೀಳುತ್ತದೆ. ಅಮೆರಿಕದಲ್ಲಿ 2002ರಿಂದ ಮಾರಾಟವಾದ ನಿಸ್ಸಾನ್‌ನ 2.5 ಲೀಟರ್ ಕ್ಯೂಆರ್25ಡಿಇ ಎಂಜಿನ್ ಇದಕ್ಕೆ ಕುಖ್ಯಾತ. ಅಲ್ಲಿ ಥ್ರಾಟಲ್ ಬಾಡಿಯದಲ್ಲ, ಇಂಟೇಕ್ ಮ್ಯಾನಿಫೋಲ್ಡಿನೊಳಗಿನ ಚಿಕ್ಕ ತಗಡುಗಳ ಸ್ಕ್ರೂಗಳು ಸಡಿಲವಾಗಿ ಸಿಲಿಂಡರಿಗೆ ಬೀಳುತ್ತಿದ್ದವು. ಆಲ್ಟಿಮಾ, ಸೆಂಟ್ರಾ ಕಾರುಗಳ ಮಾಲೀಕರು ಏನೂ ಕೆಡುವ ಮೊದಲೇ ಮ್ಯಾನಿಫೋಲ್ಡ್ ಇಳಿಸಿ ಪ್ರತಿ ಸ್ಕ್ರೂವಿಗೂ ಲಾಕ್‌ಟೈಟ್ ಹಾಕಿಕೊಳ್ಳುತ್ತಿದ್ದರು. ಬಿಎಂಡಬ್ಲ್ಯು ಕಂಪನಿಯ ಎಂ47, ಎಂ57 ಡೀಸೆಲ್ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡಿನ ರೆಕ್ಕೆಗಳೇ ಮುರಿದು ಒಳಗೆ ಹೋದದ್ದುಂಟು. ಗಾಳಿಯ ದಾರಿಯಲ್ಲಿ ಸ್ಕ್ರೂ ಇಟ್ಟವರಿಗೆಲ್ಲ ಈ ತಲೆನೋವು ಇದ್ದೇ ಇದೆ.

ಹುಡುಗ ಹೋಗುವಾಗ ಹುರಿಗಡಲೆಯಂತಾದ ಆ ಉಂಡೆಯನ್ನು ಕೇಳಿದ. ಮೇಷ್ಟ್ರು ಆಗಲೇ ಅದನ್ನು ತಮ್ಮ ಹಳೆಯ ಶಾಲೆಯ ಪ್ರಯೋಗಶಾಲೆಗೆಂದು ತೆಗೆದಿಟ್ಟುಕೊಂಡಿದ್ದರು. ಅವನಿಗೆ ಉಳಿದಿದ್ದ ಎರಡನೇ ಸ್ಕ್ರೂ ಕೊಟ್ಟೆ, ಬಾಲದಲ್ಲಿ ಹರಿದ ಗುರುತು ಇದ್ದದ್ದು.

ಹೊಸ ಥ್ರಾಟಲ್ ಬಾಡಿ ಬಂದಾಗ ಪೆಟ್ಟಿಗೆ ತೆರೆದು ಮೊದಲು ನೋಡಿದ್ದು ಆ ಎರಡು ಬಾಲಗಳನ್ನು. ಎರಡೂ ಅಚ್ಚುಕಟ್ಟಾಗಿ ಜಜ್ಜಿದ್ದವು. ಮುಟ್ಟಲಿಲ್ಲ. ಜೋಡಿಸಿ, ಸ್ಕ್ಯಾನರಿನಿಂದ ಅದಕ್ಕೆ ತೆರೆಯುವ ಮುಚ್ಚುವ ಪಾಠ ಹೊಸದಾಗಿ ಕಲಿಸಿ, ಗಾಡಿ ಕೊಟ್ಟೆ. ಸಾವಿರ ಕಿಲೋಮೀಟರಿಗೆ ಮೇಷ್ಟ್ರು ಎಣ್ಣೆ ಬದಲಿಸಲು ಬಂದಾಗ ಫಿಲ್ಟರನ್ನು ಎಸೆಯದೆ ಕತ್ತರಿಸಿ ಕಾಗದವನ್ನು ಬಿಡಿಸಿ ನೋಡಿದೆ. ಅಲ್ಯೂಮಿನಿಯಂನ ಒಂದೆರಡು ಮಿನುಗು ಕಂಡಿತು. ಆಯಸ್ಕಾಂತಕ್ಕೆ ಏನೂ ಅಂಟಲಿಲ್ಲ. ಎರಡನೇ ಸಿಲಿಂಡರಿನ ಕಂಪ್ರೆಷನ್ 168. ಆ 0.18 ಗ್ರಾಮಿನ ಲೆಕ್ಕ ನನ್ನ ಡೈರಿಯಲ್ಲಿ ಇನ್ನೂ ಬಾಕಿ ಎಂದೇ ಇದೆ.